ಬಾಗಿಲ ಮೇಲಿನ ಕೆಂಪು ಗೆರೆ

ಥಿಯೇಟರಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಇಪ್ಪತ್ತಾರು ವರ್ಷ ತುಂಬಿದರೂ ಗೇಟ್ ಮಾವ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನಿಗೆ ಕಥೆಯೆಲ್ಲ ಕಿವಿಯಿಂದಲೇ. ಈಗಿನದರಲ್ಲಿ, ಹಂಸವಾಗಿ ಹಾರಿಹೋದ ಪ್ರಿಯಕರನನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಏಳು ಕಡಲು ದಾಟುತ್ತಾಳಂತೆ. ನಡುವೆ ರಾಕ್ಷಸನೊಬ್ಬ ಗುಟುರು ಹಾಕುತ್ತಾನೆ. ಆ ಗುಟುರಿಗೆ ಚಿಕ್ಕವರ ಚಡ್ಡಿ ಒದ್ದೆಯಾಗುತ್ತದೆಂದು ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿರಲಿಲ್ಲ.

ವಯಸ್ಸು ಕೇಳಿದರೆ ಹೆತ್ತವರೇ ಸುಳ್ಳು ಹೇಳುತ್ತಾರೆ. ಅದಕ್ಕೇ ಇಂಥ ಸಿನಿಮಾಗಳಿಗೆಂದು ಎಷ್ಟೋ ವರ್ಷದ ಹಿಂದೆಯೇ ಬಾಗಿಲ ಚೌಕಟ್ಟಿನ ಮೇಲೆ ನಾಲ್ಕೂವರೆ ಅಡಿಗೆ ಒಂದು ಕೆಂಪು ಗೆರೆ ಎಳೆದಿದ್ದರು. ತಲೆ ಗೆರೆ ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. “ಹಾಕಿದ ಗೆರೆ ದಾಟದ ಮಹಾನುಭಾವರು” ಎಂದು ಹೆಂಡತಿ ಹಂಗಿಸಿದರೆ ಮಾವ ಅದನ್ನೂ ಹೊಗಳಿಕೆಯೆಂದೇ ಜೇಬಿಗಿಳಿಸುತ್ತಿದ್ದ.

ಆ ಭಾನುವಾರದ ಮ್ಯಾಟಿನಿಗೆ ನೂಕುನುಗ್ಗಲು. ಮಾವನ ಕಣ್ಣು ಎರಡೇ ಕಡೆ: ಟಿಕೆಟ್ಟು, ಗೆರೆ. ಮುಖ ನೋಡಲು ಪುರುಸೊತ್ತೆಲ್ಲಿ? ಎತ್ತರದ ಗಂಡಸೊಬ್ಬನ ಪಕ್ಕದ ತಲೆ ಗೆರೆಗಿಂತ ಎರಡು ಬೆರಳು ಕೆಳಗಿತ್ತು.

“ಪಾಪು, ನೀನು ಆಚೆ ನಿಲ್ಲು. ಸಾರ್, ಮಗೂನ ಬಿಡೋ ಹಾಗಿಲ್ಲ.”

ಇಡೀ ಸಾಲು ಘೊಳ್ಳೆಂದು ನಕ್ಕಿತು. ಮಾವ ನೋಡಿದರೆ, ‘ಪಾಪು’ವಿಗೆ ಮೂವತ್ತು ದಾಟಿದೆ! ಪಕ್ಕದ ರಸ್ತೆಯ ಟೈಲರಮ್ಮ; ಅವನ ಯೂನಿಫಾರ್ಮಿನ ಕಾಲರ್ ತಿರುಗಿಸಿ ಹೊಲಿದುಕೊಟ್ಟವಳು. ಅವಳನ್ನು ಮದುವೆಯಾಗಲಿದ್ದ ಗಂಡಸು ಎಲ್ಲರಿಗಿಂತ ಜೋರಾಗಿ ನಕ್ಕ. ಮಾವ ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿಯಾಗಿತ್ತು.

ಮಂಗಳವಾರ ಊಟಕ್ಕೆ ಕುಳಿತಾಗ ಹೆಂಡತಿ ಸುದ್ದಿ ಬಡಿಸಿದಳು. “ಟೈಲರಮ್ಮನ ಮದುವೆ ಮುರೀತಂತೆ ಕಣ್ರೀ. ಯಾರೋ ಗೇಟಿನವನು ಮರ್ಯಾದೆ ತೆಗೆದನಂತೆ. ಯಾರಿರಬಹುದು?”

“ನಮ್ಮ ಥಿಯೇಟರಿಗೆ ಎಷ್ಟು ಗೇಟಿದೆ?”

“ಒಂದೇ.”

ಮಾವ ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಮರುದಿನ ತನ್ನ ಅಂಗಿಯ ಗುಂಡಿಯನ್ನು ತಾನೇ ಕಿತ್ತುಕೊಂಡು, ಅದನ್ನೇ ನೆಪ ಮಾಡಿಕೊಂಡು ಅವಳ ಅಂಗಡಿಗೆ ಹೋದ. ಅವಳು ಹರಿದ ದಾರವನ್ನೇ ನೋಡಿದಳು.

“ಕಿತ್ತಿದ್ದು ಯಾರು ಮಾವ, ನೀವೇನಾ?”

“ತಪ್ಪಾಯ್ತಮ್ಮ. ನನ್ನಿಂದ ನಿನ್ನ ಮದುವೆ…”

“ನಾನೇ ಬೇಡ ಅಂದಿದ್ದು. ನೀವು ತಡೆದಿದ್ದಕ್ಕಲ್ಲ. ಅವರು ನಕ್ಕರಲ್ಲ, ಅದಕ್ಕೆ. ಸಾಲದು ಅಂತ ಒಬ್ಬರೇ ಕೂತು ಪೂರ್ತಿ ನೋಡ್ಕೊಂಡು ಬೇರೆ ಬಂದ್ರು!” ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, “ಕೊನೇಲಿ ಆ ಹಂಸ ಸಿಗುತ್ತಾ?”

“ನಂಗೆಲ್ಲಿ ಗೊತ್ತಮ್ಮ? ಅಳೋದು ಕೇಳಿಸುತ್ತೆ, ಅಷ್ಟರಲ್ಲಿ ಬಾಗಿಲು ತೆಗೀಬೇಕು. ನಾಳೆ ಮ್ಯಾಟಿನಿನೇ ಕೊನೇ ಆಟ. ಬಾರಮ್ಮ, ನನ್ನ ಹೊಟ್ಟೆ ತಣ್ಣಗಾಗುತ್ತೆ.”

“ಬರ್ತೀನಿ. ಆದ್ರೆ ಮೊದಲು ನಿಮ್ಮ ಗೆರೆ ಅಳೀತೀನಿ. ನಾನು ನಾಲ್ಕಡಿ ಏಳಿಂಚು. ಊರಿನ ಅಳತೆಯೆಲ್ಲ ತಗೊಳ್ಳೋಳಿಗೆ ನನ್ನದೇ ಗೊತ್ತಿಲ್ವಾ?”

ಗುರುವಾರ ಜನ ಸೇರುವ ಮೊದಲೇ ಬಂದಳು. ಟೇಪಿನ ತುದಿಯನ್ನು ಕಾಲಲ್ಲಿ ಮೆಟ್ಟಿ ಮೇಲಕ್ಕೆಳೆದಳು.

“ನಾಲ್ಕಡಿ ಒಂಬತ್ತಿಂಚು ಮಾವ. ಮೂರಿಂಚು ಜಾಸ್ತಿ.”

ಮಾವ ಬಗ್ಗಿ ಬಾಗಿಲ ಬುಡ ನೋಡಿದ. ಆರು ವರ್ಷದ ಹಿಂದೆ, ಜನ ಎಡವುತ್ತಾರೆಂದು, ಮೂರಿಂಚಿನ ಹೊಸ್ತಿಲನ್ನು ಕೀಳಿಸಿದವನು ತಾನೇ. ಗೆರೆ ಅಳೆದದ್ದು ಆ ಹೊಸ್ತಿಲ ಮೇಲಿಂದ. ಹೊಸ್ತಿಲು ಹೋಯಿತು, ಗೆರೆ ಉಳಿಯಿತು.

ಟೈಲರಮ್ಮ ಒಳಗೆ ಹೋದಳು. ಮಾವ ಹೆಬ್ಬೆರಳಿನಿಂದ ಗೆರೆಯನ್ನು ಉಜ್ಜುತ್ತ ನಿಂತ. ಆರು ವರ್ಷ! ತುದಿಗಾಲಲ್ಲಿ ನಿಂತು ಕತ್ತು ಚಾಚಿದವರು, “ಇನ್ನೊಂದ್ಸಲ ನೋಡಿ ಅಂಕಲ್” ಎಂದು ಬೇಡಿಕೊಂಡವರು, ಎಷ್ಟು ಜನವೋ! ಹೋಗಿ ತಪ್ಪಾಯಿತು ಎನ್ನೋಣವೆಂದರೆ, ಒಬ್ಬರ ಮುಖವನ್ನಾದರೂ ನೋಡಿದ್ದರೆ ತಾನೇ? ನೆನಪಿದ್ದದ್ದೆಲ್ಲ ಬರೀ ನೆತ್ತಿಗಳು.

ಆಟ ಮುಗಿದು ಅವಳು ಕಣ್ಣೊರೆಸಿಕೊಂಡು ಹೊರಬಂದಳು.

“ಸಿಕ್ತೇನಮ್ಮ, ಹಂಸ?”

“ತಿರುಗಿ ನೋಡೋದಲ್ವಾ ಮಾವ,” ಎಂದಳು, “ಅಲ್ಲೇ ಇದ್ರಲ್ಲ.”