ಗೋಡೆಯಾಚೆಯ ನಗು

ಲಗ್ನಕ್ಕೆ ಮುಂಚೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಅರಿತುಕೊಳ್ಳಬೇಕು ಎಂಬ ಹೊಸ ಗಾಳಿ ನಮ್ಮ ಕಡೆ ಬೀಸಿದ್ದು ಎಂಬತ್ತರ ದಶಕದ ಕೊನೆಗೆ. ಹಿರಿಯರು ಅದಕ್ಕೆ ಕಂಡುಕೊಂಡ ಉಪಾಯ ಸಿನಿಮಾ. ನಿಶ್ಚಯ ಮುಗಿದ ಮೇಲೆ ಹೆಣ್ಣಿನ ಕಡೆಯವರು ಬೀಗರನ್ನು ಕರೆಸಿ ಮ್ಯಾಟಿನಿ ತೋರಿಸಬೇಕು, ಆಮೇಲೆ ಹೋಟೆಲಿಗೆ ಕರೆದೊಯ್ದು ಚಹಾ ಕುಡಿಸಬೇಕು. ಅಷ್ಟರೊಳಗೆ ಇಬ್ಬರೂ ಅರಿತುಕೊಂಡು ಮುಗಿಸಿರಬೇಕು. ನಮಗೆ ಹತ್ತಿರವಿದ್ದ ರಾಯಬಾಗದ ಟಾಕೀಜಿನಲ್ಲಿ ಮಾತ್ರ ಗಂಡಸರ ಕಡೆ, ಹೆಂಗಸರ ಕಡೆ ಎಂದು ನಡುವೆ ಗೋಡೆ ಕಟ್ಟಿದ್ದರು. ಕೂತರೆ ಆಚೆಯವರ ಟೋಪಿ ಕೂಡ ಕಾಣುತ್ತಿರಲಿಲ್ಲ. ಈ ವಿಷಯ ಯಾವ ಹಿರಿಯರಿಗೂ ತೊಡಕು ಅನ್ನಿಸಿರಲಿಲ್ಲ.

ನನ್ನ ಸರದಿ ಬಂದಾಗ ನನಗೆ ಇಪ್ಪತ್ತು ವರ್ಷ. ಹುಡುಗ ಸತ್ತಿ ಎಂಬ ಊರಿನವನು, ಹೊಳೆದಂಡೆಯಲ್ಲಿ ಹೊಲವಿದ್ದವರ ಮನೆಯವನು. ನಾವು ಪಾಲಬಾವಿಯಿಂದ ಟ್ರ್ಯಾಕ್ಟರಿನಲ್ಲಿ ಹೋದೆವು. ಅಪ್ಪ, ಅವ್ವ, ಅಪ್ಪನ ಅಕ್ಕ ಮತ್ತು ರೇಷ್ಮೆ ಸೀರೆಯಲ್ಲಿ ಬೆವರುತ್ತಿದ್ದ ನಾನು. ಹುಡುಗ ತನ್ನ ತಾಯಿಯ ಜೊತೆ ಬಸ್ಸಿಗೆ ಬಂದಿದ್ದ. ಲಗ್ನದ ದಿನವನ್ನು ಚಹಾ ಕುಡಿಯುವಾಗ ಗೊತ್ತುಮಾಡುವುದೆಂದು ಮಾತಾಗಿತ್ತು. ಅಂದರೆ ಬೇಡ ಅನ್ನುವುದಿದ್ದರೆ ನನಗಿದ್ದದ್ದು ಒಂದು ಸಿನಿಮಾದಷ್ಟು ಹೊತ್ತು.

ಚಿತ್ರ ಆರಿಸಿದವರು ಅಪ್ಪ. ಪೋಸ್ಟರಿನಲ್ಲಿ ನಾಯಕ ನಾಯಕಿ ಒಂದೇ ಸೈಕಲ್ಲಿನಲ್ಲಿ ಕೂತು ಹಲ್ಲು ಕಿರಿದಿದ್ದರು, ಹೊಟ್ಟೆ ತುಂಬ ನಗಿರಿ ಎಂದು ಕೆಳಗೆ ಬರೆದಿತ್ತು. ಸಂಸಾರಸ್ಥರು ನೋಡುವಂಥಾದ್ದು ಎಂದು ಅಪ್ಪ ತೀರ್ಪು ಕೊಟ್ಟರು. ಹುಡುಗನನ್ನು ಮರ್ಯಾದೆಯಿಂದ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ನಾನು ಗೋಡೆಯ ಈಚೆ, ಸರಿಯಾಗಿ ಅವರ ಸಾಲಿಗೇ ಕೂತೆ. ಕಾಣದಿದ್ದರೇನು, ಕೇಳಿಸಬಹುದಲ್ಲ. ಮಧ್ಯಂತರದ ತನಕ ಕಿವಿ ನೆಟ್ಟಗೆ ಮಾಡಿಕೊಂಡು ಕೂತು, ಹುಡುಗ ಎರಡು ಸಲ ಸೀನುತ್ತಾನೆ ಎಂಬಷ್ಟನ್ನು ಅರಿತುಕೊಂಡೆ.

ಚಿತ್ರದ ಮೊದಲರ್ಧ ಪೋಸ್ಟರಿಗೆ ತಕ್ಕ ಹಾಗೇ ಇತ್ತು. ನಾಯಕ ಅಡುಗೆಯವನ ವೇಷ ಹಾಕಿ ನಾಯಕಿಯ ಮನೆ ಸೇರುತ್ತಾನೆ, ಸಾರಿಗೆ ಉಪ್ಪಿನ ಬದಲು ಸೋಡಾ ಹಾಕುತ್ತಾನೆ, ಬಾಯಿ ಜೋರಿನ ಆ ಹುಡುಗಿ ಅವನನ್ನು ಸೌಟು ಹಿಡಿದು ಅಂಗಳವೆಲ್ಲ ಅಟ್ಟಾಡಿಸುತ್ತಾಳೆ. ಮೂರು ಹಾಡಿಗೆ ಪ್ರೀತಿಯಾಗಿ, ನಾಲ್ಕನೆಯದಕ್ಕೆ ಲಗ್ನವಾಯಿತು. ಹೆಂಗಸರ ಕಡೆ ಕಡಲೆ ಸಿಪ್ಪೆ ಹಾರಿಸುತ್ತ ನಕ್ಕಿದ್ದೇ ನಕ್ಕಿದ್ದು.

ಮಧ್ಯಂತರ ಮುಗಿದು ಬಂದು ಕೂತರೆ ನಾಯಕಿ ಇಲ್ಲ. ಬಾವಿಯಲ್ಲಿ ಹೆಣವಾಗಿ ತೇಲುತ್ತಿದ್ದಾಳೆ. ನಾಯಕ ಎದೆ ಎದೆ ಬಡಿದುಕೊಂಡು ಅಳುತ್ತಾನೆ, ಪೊಲೀಸರು ಬರುತ್ತಾರೆ, ಹೆಂಗಸರ ಕಡೆ ಮೂಗು ಸೇದುವ ಸದ್ದು ಶುರುವಾಗುತ್ತದೆ. ಕೊನೆಗೆ ನೋಡಿದರೆ ನೂಕಿದವನು ಅವನೇ. ಅವಳ ಪಾಲಿನ ಆಸ್ತಿಗಾಗಿಯೇ ಸೌಟಿನ ಪೆಟ್ಟು ತಿನ್ನುತ್ತ ಪ್ರೀತಿ ಮಾಡಿದ್ದನಂತೆ. ನೂಕುವ ದೃಶ್ಯವನ್ನು ಮತ್ತೆ ತೋರಿಸಿದರು. ಅವಳು ಏನೋ ಕೇಳುತ್ತಿರುವಾಗಲೇ ಬೆನ್ನಿಗೆ ಕೈ ಇಡುತ್ತಾನೆ. ಟಾಕೀಜು ಉಸಿರು ಬಿಗಿಹಿಡಿದಿತ್ತು. ಆಗ ಗೋಡೆಯಾಚೆ, ಸರಿಯಾಗಿ ನಮ್ಮ ಸಾಲಿನಲ್ಲೇ, ಗೋಡೆಗೆ ತಾಗಿ ಒಡೆದ ಗಂಡಸಿನ ದನಿಯೊಂದು ಕೇಳಿಸಿತು.

“ಬರೊಬ್ಬರಿ ಆತು! ಭಾಳ ಮಾತಾಡತಿದ್ಲು!”

ಅಂದವನೇ ಮೊದಲು ನಕ್ಕ. ಅವನ ಹಿಂದೆ ಗಂಡಸರ ಕಡೆಯೆಲ್ಲ ಹೋ ಎಂದು ನಕ್ಕಿತು. ಮಾತು ಹುಡುಗ ಕೂತಿದ್ದ ಜಾಗದಿಂದಲೇ ಬಂದಿತ್ತು. ನಾನೂ ಮಾತು ಜಾಸ್ತಿಯವಳೇ.

ಹೊರಗೆ ಬಂದವಳೇ ಸೋದರತ್ತೆಯ ಸೆರಗು ಹಿಡಿದು, “ಅತ್ತಿ, ನಾ ಇವನ್ನ ಲಗ್ನ ಆಗಂಗಿಲ್ಲ” ಎಂದೆ. ಕಾರಣ ಹೇಳಿದೆ. ಅತ್ತೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೋಟೆಲಿನ ಪರದೆ ಹಾಕಿದ ಕೋಣೆಯಲ್ಲಿ ಚಹಾ ಬರುವುದಕ್ಕೂ ಮೊದಲೇ ಎಲ್ಲರ ಮುಂದೆ ಇಟ್ಟುಬಿಟ್ಟಳು.

ಹುಡುಗನ ತಾಯಿ ಉರಿದೆದ್ದರು. “ಸಿನಿಮಾ ಆರಿಸಿದವರು ನೀವ್ರಿ. ಬಾವ್ಯಾಗ ನೂಕೂ ಸಿನಿಮಾ ತೋರಿಸಿ, ನನ್ನ ಮಗನ ಮ್ಯಾಲ ಹಾಕ್ತೀರೇನು?”

ಅಪ್ಪ ದೊಡ್ಡ ಮನಸ್ಸು ಮಾಡಿದರು. ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, “ಹೋಗ್ಲಿ ಬಿಡ್ರಿ ಬೀಗ್ತೇರ. ಹುಡುಗರು ನಗಚಾಟಿಕಿಗೆ ಏನರ ಅಂತಾರ. ನಾವು ಮನಸಿಗೆ ಹಚ್ಕೊಂಡಿಲ್ಲ” ಎಂದು ಕ್ಷಮಿಸಿಬಿಟ್ಟರು. ಅಂಥ ಉದಾರ ಅಪ್ಪನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹುಡುಗ ಅಪ್ಪನ ಮುಖವನ್ನೊಮ್ಮೆ ನೋಡಿದ. ಆಮೇಲೆ ನೇರ ನನ್ನನ್ನೇ ನೋಡಿ ಹೇಳಿದ. “ನಾ ಅಂದಿಲ್ರಿ. ಎಲ್ಲಾರ ಜೋಡಿ ನಕ್ಕಿದ್ದು ಖರೆ. ನಗಬಾರದಾಗಿತ್ತು.”

“ಮತ್ತ ಯಾರು ಅಂದ್ರು?” ಅತ್ತೆ ಕೇಳಿದಳು.

ಅವನಿಗೆ ಸೀನು ಬಂತು, ಸೀನಿದ. ಎಂಥ ಮನುಷ್ಯನೋ ಪೂರ್ತಿ ತಿಳಿಯಲಿಲ್ಲ, ಆದರೆ ತಾನು ನಕ್ಕದ್ದನ್ನು ಒಪ್ಪಿಕೊಂಡ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಸಿಟ್ಟು ಅರ್ಧ ಇಳಿಯಿತು. “ಆತು, ಲಗ್ನಕ್ಕ ನಂದೇನೂ ತಕರಾರಿಲ್ಲ” ಎಂದೆ. ಅತ್ತೆ ದೇವರಿಗೆ ಕೈ ಮುಗಿದಳು. ಅಪ್ಪ ನಿರಾಳವಾಗಿ, ಟಾಕೀಜಿನಲ್ಲಿ ಎಂಥೆಂಥ ಪೋಕರಿಗಳು ಬರುತ್ತಾರೆ, ಅವರಲ್ಲಿ ಯಾರೋ ಅಂದಿರಬೇಕು, ಮಾತು ಮುಗಿಯಿತು ಎಂದು ಹೇಳಿ, ಅಷ್ಟರಲ್ಲಿ ಚಹಾದ ಜೊತೆ ಬಂದಿದ್ದ ಬಿಸ್ಕೀಟಿಗೆ ಕೈ ಹಾಕಿದರು.

ಅವ್ವ ಬೆಳಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಅದೇನು ಹೊಸದಲ್ಲ, ಹಾಗಾಗಿ ಯಾರೂ ಗಮನಿಸಿರಲೂ ಇಲ್ಲ. ಕಪ್ಪನ್ನು ಬಸಿಯ ಮೇಲಿಟ್ಟು, ಬೀಗರ ಎದುರೇ, ತಲೆಯ ಮೇಲಿನ ಸೆರಗನ್ನೂ ಸರಿಮಾಡಿಕೊಳ್ಳದೆ ಹೇಳಿದಳು.

“ಅಂದವ್ರು ಇವ್ರ. ದಿನಾ ಕೇಳೂ ದನಿ, ನನಗ ಗೊತ್ತಾಗಂಗಿಲ್ಲೇನು? ಇವ್ರು ನಗೂದನ್ನ ಅಷ್ಟ, ಇವತ್ತ ಮೊದಲನೇ ಸಲ ಕೇಳಿದೆ.”