ಬಚ್ಚಲ ಪೈಪಿನಲ್ಲಿ ಅನ್ನ

ತಮ್ಮನಿಗೆ ಲಕ್ವ ಹೊಡೆದು ಹತ್ತೊಂಬತ್ತನೆಯ ದಿನ ಅಕ್ಕ ಅವನ ಫೋನನ್ನು ಮೊದಲ ಸಲ ಎತ್ತಿದಳು. ಅಷ್ಟೂ ದಿನ ಅದು ಕಪಾಟಿನ ಮೇಲೆ ತನ್ನಷ್ಟಕ್ಕೆ ತಾನು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಅವಳು ಅದನ್ನು ಆರಿಸಿರಲಿಲ್ಲ, ಮಾತಾಡಿಸಿರಲೂ ಇಲ್ಲ. ದಿನಾ ಬೆಳಿಗ್ಗೆ ಚಾರ್ಜಿಗೆ ಮಾತ್ರ ತಪ್ಪದೆ ಹಾಕುತ್ತಿದ್ದಳು.

“ಸ್ಪ್ರಿಂಗಣ್ಣ ಇದ್ದಾರಾ? ಅಡುಗೆಮನೆ ಸಿಂಕ್ ತುಂಬಿ ನಿಂತಿದೆ, ಸ್ವಲ್ಪ ಬೇಗ ಬರೋಕೆ ಹೇಳಿ,” ಎಂದಿತು ಒಂದು ಹೆಂಗಸಿನ ದನಿ.

“ಅವನಿಗೆ ಹುಷಾರಿಲ್ಲ.”

“ಅಯ್ಯೋ. ಹಾಗಾದ್ರೆ ಯಾರು ಬರ್ತಾರೆ?”

ಅಕ್ಕ “ನಾನು ಬರ್ತೀನಿ,” ಎಂದಳು.

ಯಾಕೆ ಹಾಗೆ ಅಂದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದರೂ ಅವಳಿಗೆ ಗೊತ್ತಾಗಲಿಲ್ಲ. ಯಾರೋ ಕೇಳಿದರು, ಬಾಯಿಗೆ ಬಂತು, ಅಷ್ಟೆ.

ಅವಳಿಗೆ ಆಗ ಐವತ್ತಮೂರು. ಮೂವತ್ತು ವರ್ಷ ದರ್ಜಿಯೊಬ್ಬನ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚಿದವಳು. ತಮ್ಮ ಕರೆಯುತ್ತಿದ್ದ ‘ಅಕ್ಕ’ ಎಂಬ ಹೆಸರೇ ಊರಿಗೆಲ್ಲ ಹರಡಿ, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ದರ್ಜಿಯೂ ಹಾಗೇ ಕರೆಯುತ್ತಿದ್ದ. ತಮ್ಮ ಆ ಸುತ್ತಿನ ಮನೆಗಳ ಕಟ್ಟಿಕೊಂಡ ಸಿಂಕು, ಬಚ್ಚಲು, ಅಂಗಳದ ಚರಂಡಿ ಚೇಂಬರುಗಳನ್ನು ಬಿಡಿಸುವವನು. ಹೆಗಲಿಗೆ ಸದಾ ಪೈಪಿಗೆ ತೂರಿಸುವ, ಸುರುಳಿ ಸುತ್ತಿದ ಉದ್ದನೆಯ ಸ್ಪ್ರಿಂಗು ನೇತು ಬಿದ್ದಿರುತ್ತಿದ್ದುದರಿಂದ ಅವನು ಸ್ಪ್ರಿಂಗಣ್ಣ. ಇಬ್ಬರಿಗೂ ಮದುವೆ ಕೂಡಿ ಬರಲಿಲ್ಲ. ಬರಲಿಲ್ಲವೆಂದು ಇಬ್ಬರೂ ತಲೆ ಕೆಡಿಸಿಕೊಳ್ಳಲೂ ಇಲ್ಲ. ಸಂಜೆ ಅವನು ಆ ದಿನ ಯಾವ ಮನೆಯ ಪೈಪಿನಿಂದ ಏನೇನು ಎಳೆದೆ ಎಂದು ವರದಿ ಒಪ್ಪಿಸುತ್ತಿದ್ದ. ಅವಳು ಅರ್ಧ ಕಿವಿ ಕೊಟ್ಟು, “ಊಟಕ್ಕೆ ಕೂತಾಗ ಆ ಮಾತು ಬೇಡ ಮಾರಾಯ,” ಎಂದು ಗದರುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಬೇಗ ಮನೆಗೆ ಬಂದು ಬೂಟಿನ ದಾರ ಬಿಚ್ಚಲು ಬಗ್ಗಿದವನು ಮೇಲೇಳಲಿಲ್ಲ. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಅಷ್ಟೂ ಮಾತುಗಳಲ್ಲಿ ಒಂದೇ ಒಂದು ಹೇಗೋ ಉಳಿದುಕೊಂಡಿತು: ‘ಆಯ್ತು.’ ನೀರು ಬೇಕಾದರೂ ಆಯ್ತು, ಸೆಖೆಯಾದರೂ ಆಯ್ತು, ಸಿಟ್ಟು ಬಂದರೂ ಆಯ್ತು, ಆಯ್ತು, ಆಯ್ತು.

ಅಕ್ಕ ಅಳಲಿಲ್ಲ. ಪಕ್ಕದ ಮನೆಯಾಕೆ ಎರಡು ಸಲ ಬಂದು, “ಅತ್ತುಬಿಡಿ ಅಕ್ಕ, ಹಗುರ ಆಗತ್ತೆ,” ಎಂದಳು. “ಹೂಂ,” ಎಂದು ಅಕ್ಕ ಒಗೆದ ಬಟ್ಟೆ ಹರವಲು ಹೋದಳು. ಆಕೆ ಹಿಂದಿನಿಂದ ‘ಕಲ್ಲು ಮನಸ್ಸು’ ಎಂದು ಗೊಣಗಿದ್ದು ಕೇಳಿಸಿತು. ಅಕ್ಕ ಅಳುವನ್ನು ತಡೆದು ಹಿಡಿದುಕೊಂಡಿದ್ದಳೆಂದಲ್ಲ. ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮೈಭಾರ ಹಾಕಿ ಮಲಗಿದ ತೋಳು ಬೆಳಿಗ್ಗೆ ಯಾರದೋ ತೋಳಿನಂತೆ ಜೋಲುತ್ತದಲ್ಲ, ಅವಳು ಇಡಿಯಾಗಿ ಹಾಗಾಗಿದ್ದಳು.

ಮೊದಲ ದಿನ, ಅರ್ಧ ಕಿವಿಗೆ ಬಿದ್ದಿದ್ದ ತಮ್ಮನ ವರದಿಗಳನ್ನು ನೆನೆದು, ಸಿಂಕಿನ ಕೆಳಗೆ ಮಂಡಿಯೂರಿ ಕೂತು ಬಕೆಟ್ ಇಟ್ಟು, ಪೈಪಿನ ಬಾಗಿನಲ್ಲಿದ್ದ ಬಟ್ಟಲನ್ನು ತಿರುಗಿಸಿ ಬಿಚ್ಚಿದಾಗ ವರ್ಷಗಳ ಜಿಡ್ಡು ಮುದ್ದೆಯಾಗಿ ಬಿತ್ತು. ಫೋನು ಮಾಡಿದ್ದ ಮನೆಯಾಕೆ ಮೂಗಿಗೆ ಸೆರಗು ಒತ್ತಿಕೊಂಡು ಹಜಾರಕ್ಕೆ ಓಡಿದಳು. ಅಕ್ಕನಿಗೆ ವಾಸನೆ ಬಂತು, ಆದರೆ ಅದರಿಂದ ಏನೂ ಆಗಲಿಲ್ಲ. ಬಾಗಿನಾಚೆ ಸ್ಪ್ರಿಂಗು ತೂರಿಸಿ ತಿರುಗಿಸುವಾಗ ತುದಿಗೆ ಏನು ತಾಗುತ್ತಿದೆ ಎಂಬುದು ಬೆರಳಿಗೆ ತಿಳಿಯುತ್ತಿತ್ತು. ಇದು ಪೈಪಿನ ಗೋಡೆ, ಇದು ಮೆತ್ತನೆಯದು, ಇದು ನಾರು. ಮೂವತ್ತು ವರ್ಷ ಬಟ್ಟೆಯ ಹಿಂಬದಿಯಲ್ಲಿ ಕಾಣದ ಸೂಜಿಯನ್ನು ಹುಡುಕಿದ ಬೆರಳುಗಳು ಅವು. ಅರ್ಧ ಗಂಟೆಯಲ್ಲಿ ನೀರು ಗೊಟಗೊಟನೆ ಇಳಿದುಹೋಯಿತು.

ದರ್ಜಿಗೆ ಹೇಳಿದಾಗ ಅವನು ಕತ್ತರಿ ಕೆಳಗಿಟ್ಟ. “ನಿಮಗೇನು ತಲೆ ಕೆಟ್ಟಿದ್ಯಾ ಅಕ್ಕ? ಕಾಜಾ ಬಿಟ್ಟು ಗಲೀಜಿಗೆ ಕೈ ಹಾಕ್ತೀರಾ?”

“ಎರಡೂ ತೂತೇ ಅಲ್ವಾ,” ಎಂದಳು ಅಕ್ಕ.

ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗಿಸಲು ಹೇಳಿರಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆದವು. ಅವಳು ಕೆಲಸಕ್ಕೆ ಹೋದಾಗ ಪಕ್ಕದ ಮನೆಯಾಕೆ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಸಂಜೆಯ ವರದಿ ಈಗ ಅಕ್ಕನದು. ತಮ್ಮ ಎಡಗೈಯಲ್ಲಿ ಬಳಪ ಹಿಡಿದು ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ ಪೈಪಿನ ಚಿತ್ರ ಬರೆದು, ಸ್ಪ್ರಿಂಗನ್ನು ಎಲ್ಲಿಂದ ಬಿಡಬೇಕಿತ್ತು ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅವಳು ತಪ್ಪು ಮಾಡಿದ್ದರೆ “ಆಯ್ತು! ಆಯ್ತು!” ಎಂದು ಬೈಯುತ್ತಿದ್ದ.

ಅವನಿಗೆ ಊಟ ಮಾಡಿಸುವುದೇ ಒಂದು ಕೆಲಸ. ಆಸ್ಪತ್ರೆಯಿಂದ ವಾರಕ್ಕೊಮ್ಮೆ ಕಸರತ್ತು ಹೇಳಿಕೊಡಲು ಬರುವಾಕೆ ಕಲಿಸಿದ್ದಳು: ಗದ್ದವನ್ನು ಎದೆಗೆ ತಾಗಿಸಬೇಕು, ಚಿಕ್ಕ ಚಮಚ, ಗಂಟಲಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂದಮೇಲೆಯೇ ಮುಂದಿನ ತುತ್ತು. ಇಲ್ಲದಿದ್ದರೆ ಅನ್ನ ಶ್ವಾಸಕ್ಕೆ ಹೋಗಿ ಕೆಮ್ಮು ಹತ್ತುತ್ತದೆ. ದಿನಕ್ಕೆ ಮೂರು ಹೊತ್ತು ಅಕ್ಕ ತಮ್ಮನ ಮುಖ ನೋಡುವುದನ್ನು ಬಿಟ್ಟು ಅವನ ಗಂಟಲು ನೋಡುತ್ತ ಕೂರುತ್ತಿದ್ದಳು.

ಆಗ ಮೂರು ಮಹಡಿಯ ಕಟ್ಟಡವೊಂದರ ನೆಲಮಹಡಿಯಿಂದ ಫೋನು ಬಂತು. ಮಾಡಿದ್ದು ಆ ಮನೆಯ ಸೊಸೆ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಗಂಡ ಹಡಗಿನ ಕೆಲಸಕ್ಕೆಂದು ವರ್ಷದಲ್ಲಿ ಒಂಬತ್ತು ತಿಂಗಳು ಹೊರಗೆ. ಮನೆಯಲ್ಲಿ ಅವಳು ಮತ್ತು ಅವಳ ಮಾವ, ನಿವೃತ್ತ ಬಸ್ ಡ್ರೈವರು. ಮಾವನ ಕೋಣೆಗೆ ಅಂಟಿಕೊಂಡ ಬಚ್ಚಲಲ್ಲಿ ನೀರು ಪಾದ ಮುಳುಗುವಷ್ಟು ನಿಂತಿತ್ತು.

“ಮೇಲಿನ ಮನೆಯವರದ್ದೇ ಕೆಲಸ. ಮೂರು ಜನ ಹೆಣ್ಣುಮಕ್ಕಳು, ಎಲ್ಲರಿಗೂ ಮಾರುದ್ದ ಕೂದಲು,” ಎಂದು ಹೇಳಿ ಸೊಸೆ ಇಸ್ತ್ರಿ ಮಾಡಲು ಹೋದಳು.

ಅಕ್ಕ ಜಾಲರಿ ಎತ್ತಿ ಒಳಗೆ ಕೈಬಿಟ್ಟಳು. ಕೂದಲು ಸಿಗಲಿಲ್ಲ. ಸಿಕ್ಕಿದ್ದು ಉಬ್ಬಿದ ಅನ್ನ, ಹಿಡಿ ಹಿಡಿಯಾಗಿ. ಬೇಯಿಸಿದ ಕ್ಯಾರೆಟ್ಟಿನ ಹೋಳು, ಬೀನ್ಸು, ನೆನೆದು ಸ್ಪಂಜಿನಂತಾದ ಬ್ರೆಡ್ಡು. ಒಂದೂ ಹಲ್ಲಿಗೆ ಸಿಕ್ಕಿದ್ದಲ್ಲ. ಬಚ್ಚಲ ಪೈಪಿನಲ್ಲಿ ಸೋಪಿನ ಚೂರು ಇರುತ್ತದೆ, ಕೂದಲು ಇರುತ್ತದೆ, ಒಮ್ಮೊಮ್ಮೆ ಮಕ್ಕಳ ಆಟದ ಸಾಮಾನು. ಊಟ ಇರುವುದಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಮಾವ ನಿಂತಿದ್ದ. ಎತ್ತರದ ಆಳು. ಬೆಲ್ಟಿಗೆ ಮೊಳೆಯಿಂದ ಮಾಡಿದ ಹೊಸ ತೂತುಗಳು ಮೂರು ಇದ್ದವು. ಬಕೆಟ್ಟಿನೊಳಗೆ ನೋಡಿದ, ಅಕ್ಕನನ್ನು ನೋಡಿದ, ತಲೆಯನ್ನು ಒಂದಿಷ್ಟೇ ಇಷ್ಟು ಅಡ್ಡಡ್ಡ ಆಡಿಸಿದ.

“ಏನು ಬಂತು ಅಕ್ಕ?” ಹಜಾರದಿಂದ ಸೊಸೆ ಕೂಗಿದಳು.

“ಕೂದಲು,” ಎಂದಳು ಅಕ್ಕ. ಬಕೆಟ್ಟಿನ ಮೇಲೆ ಗೋಣಿ ಹಾಕಿದಳು.

ಮುದುಕ ದನಿ ತಗ್ಗಿಸಿದ. “ದೊಡ್ಡ ಉಪಕಾರ ಆಯ್ತಮ್ಮ. ಹಸಿವೇ ಆಗಲ್ಲ ನನಗೆ. ಅವಳು ಐದಕ್ಕೇ ಎದ್ದು ಮಾಡಿಟ್ಟು ಹೋಗ್ತಾಳೆ, ಪಾಪ. ಬಿಟ್ರೆ ಬೇಜಾರು ಮಾಡ್ಕೋತಾಳೆ.”

ಮಾತು ಮುಗಿಸಿ ಅವನು ಎಂಜಲು ನುಂಗಿದ. ಕತ್ತನ್ನು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ, ಎರಡು ಸಲ ಪ್ರಯತ್ನ ಮಾಡಿ ನುಂಗಿದ. ಅಕ್ಕ ಅದನ್ನು ನೋಡಿದಳು. ನೋಡಿ, ಜಾಲರಿ ಕೂರಿಸಿ, ಕೈ ತೊಳೆದು ಹೊರಟಳು.

ಸಂಜೆ ತಮ್ಮನಿಗೆ ಹೇಳಿದಳು. ಅವನು ಬಳಪ ಎತ್ತಿಕೊಳ್ಳಲಿಲ್ಲ. ಎಡಗೈಯನ್ನು ತನ್ನ ಗಂಟಲಿಗೆ ಇಟ್ಟುಕೊಂಡು “ಆಯ್ತು?” ಎಂದ, ಕೇಳುವ ಹಾಗೆ.

“ಇರಬಹುದು. ನಮಗ್ಯಾಕೆ ಊರ ಉಸಾಬರಿ?”

“ಆಯ್ತು!” ಎಂದು ಅವನು ಸ್ಲೇಟನ್ನು ಮೇಜಿಗೆ ಕುಟ್ಟಿದ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಮರಳಿ ಬಂದಾಗ ಅವನು ಗೋಡೆಯ ಕಡೆ ಮುಖ ಮಾಡಿದ್ದ. ಕೂದಲು ಎಂದು ಸೊಸೆಗೆ ತಾನು ಸುಳ್ಳು ಹೇಳಿದೆ ಎಂಬುದು ಅವಳಿಗೆ ಗೊತ್ತಿತ್ತು. ಮನೆಯ ನಂಬರು ಗೊತ್ತಿರುವ ಹಾಗೆ ಗೊತ್ತಿತ್ತು, ಅಷ್ಟೆ.

ಮೂರು ವಾರದ ಮೇಲೆ ಅದೇ ಮನೆಯಿಂದ ಮತ್ತೆ ಫೋನು. “ಅದೇ ಬಚ್ಚಲು ಅಕ್ಕ. ಮೇಲಿನವರ ಹತ್ರ ಜಗಳ ಆಡಿ ಆಡಿ ಸಾಕಾಯ್ತು.”

ಈ ಸಲ ಕೈಗೆ ಸಿಕ್ಕಿದ್ದು ಬೇರೆ. ಹಿಸುಕಿದ ಅನ್ನ, ಹಿಸುಕಿದ ಬಾಳೆಹಣ್ಣು, ಒಡೆದ ಹಾಲಿನ ಬಿಳಿ ಗಂಟು. ಮೆತ್ತಗೆ ಮಾಡಿಕೊಡು ಎಂದು ಮುದುಕ ಸೊಸೆಯನ್ನು ಕೇಳಿಕೊಂಡಿದ್ದಾನೆ. ಮೆತ್ತಗಿನದೂ ಇಲ್ಲಿಗೇ ಬಂದಿದೆ. ಅಕ್ಕ ಎದ್ದು ಕೈ ತೊಳೆದು, ಮಂಚದ ಪಕ್ಕದ ಹೂಜಿಯಿಂದ ಲೋಟಕ್ಕೆ ಎರಡು ಗುಟುಕು ನೀರು ಬಗ್ಗಿಸಿ ಮುದುಕನ ಕೈಗೆ ಕೊಟ್ಟಳು.

“ನನ್ನ ಮುಂದೆ ಕುಡೀರಿ ಯಜಮಾನ್ರೆ.”

“ಬಾಯಾರಿಕೆ ಇಲ್ಲ.”

“ಒಂದು ಗುಟುಕು.”

ಅವನು ಕುಡಿದ. ಅಕ್ಕ ಗಂಟಲು ನೋಡಿದಳು. ಉಬ್ಬು ಮೇಲೆ ಹೋಯಿತು, ಕೆಳಗೆ ಬಂತು. ತಮ್ಮನ ಗಂಟಲಿನಂತಲ್ಲ, ಇಲ್ಲಿ ನುಂಗುವುದರಲ್ಲಿ ಕೊರತೆ ಇರಲಿಲ್ಲ. ನೀರು ಇಳಿಯಿತು, ಎದೆಯ ಹತ್ತಿರ ಎಲ್ಲೋ ನಿಂತಿತು, ಕ್ಷಣದಲ್ಲಿ ಬಾಯಿ ಮೂಗಿನಿಂದ ಹಿಂದಕ್ಕೆ ಬಂತು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

“ಎಷ್ಟು ದಿನದಿಂದ?”

“ಬೇಸಿಗೆಯಿಂದ.”

“ಡಾಕ್ಟರಿಗೆ ತೋರಿಸಬಾರದಾ?”

“ತೋರಿಸಿದ್ರೆ ಗೊತ್ತಾಗಿಬಿಡತ್ತಲ್ಲಮ್ಮ,” ಎಂದ ಅವನು.

ಅಕ್ಕ ಬಕೆಟ್ ಎತ್ತಿಕೊಂಡು ಸೀದಾ ಹಜಾರಕ್ಕೆ ಹೋದಳು. ಮುದುಕ ಹಿಂದೆಯೇ ಬಂದ. “ಬೇಡ, ಬೇಡಮ್ಮ, ಕೇಳು—” ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಕೆಟ್ಟನ್ನು ಸೊಸೆಯ ಕಾಲ ಬಳಿ ಇಟ್ಟಳು.

“ಮೇಲಿನವರದ್ದಲ್ಲ ಇದು. ನಿಮ್ಮ ಮಾವನ ಊಟ.”

ಸೊಸೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದದ್ದೇ ಮುಖ ಕೆಂಪಾಯಿತು. “ರುಚಿ ಇಲ್ಲ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಮಾವ! ಬಚ್ಚಲಿಗೆ ಸುರೀಬೇಕಾ? ನಾನೇನು ನಿಮಗೆ—”

“ರುಚಿ ಅಲ್ಲ,” ಎಂದಳು ಅಕ್ಕ. “ಇಳಿಯಲ್ಲ. ನೀರೂ ಇಳೀತಿಲ್ಲ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

ಸೊಸೆ ಮಾವನ ಬೆಲ್ಟು ನೋಡಿದಳು. ಒಂದೇ ಸೂರಿನ ಕೆಳಗಿದ್ದೂ ಅದನ್ನು ಈಗಷ್ಟೇ ನೋಡುತ್ತಿದ್ದಳು.

ಮುದುಕ ಕುರ್ಚಿಯಲ್ಲಿ ಕುಸಿದ. “ನಂಬಿಸಿ ಕತ್ತು ಕೊಯ್ದೆ ನೀನು,” ಎಂದ ಅಕ್ಕನಿಗೆ.

“ನಾನು ಮಾತು ಕೊಟ್ಟಿರಲಿಲ್ಲ,” ಎಂದಳು ಅವಳು. ಮರಳಿ ಬಚ್ಚಲಿಗೆ ಹೋಗಿ ಜಾಲರಿಯ ನಾಲ್ಕು ತಿರುಪುಗಳನ್ನು ಬಿಗಿ ಮಾಡಿದಳು. ನೀರು ಬಿಟ್ಟು ನೋಡಿದಳು. ಸರಾಗವಾಗಿ ಹೋಗುತ್ತಿತ್ತು.

ಅನ್ನನಾಳದಲ್ಲಿ ಗಡ್ಡೆ ಬೆಳೆದಿತ್ತು. ಗಡ್ಡೆಯ ಜೊತೆಗೆ ನಾಳದ ಒಂದು ತುಂಡನ್ನೂ ಕತ್ತರಿಸಿ ತೆಗೆದರು. ಹೊಟ್ಟೆಗೆ ನಳಿಗೆ ಹಾಕಿ ಮೂರು ತಿಂಗಳು ಅದರಲ್ಲೇ ಆಹಾರ. ಮುದುಕ ಉಳಿದುಕೊಂಡ, ಉಳಿಯುವುದಿಲ್ಲ ಎಂದುಕೊಂಡಿದ್ದವರಲ್ಲಿ ಅವನೇ ಮೊದಲಿಗ. ಬಾಯಿಂದ ತಿನ್ನಲು ಶುರುಮಾಡುವ ಹೊತ್ತಿಗೆ ಸೊಸೆ ಅಕ್ಕನನ್ನು ಕರೆದಳು, ಚಮಚ ಹಿಡಿಯುವುದು ಹೇಗೆ, ಎಷ್ಟು ಕಾಯಬೇಕು ಎಂದು ಹೇಳಿಕೊಡಲು. ಅಕ್ಕ ಹೋಗಿ ತೋರಿಸಿದಳು. ಬಾಗಿಲ ತನಕ ಬಂದ ಸೊಸೆ ಅವಳ ಕೈ ಹಿಡಿದುಕೊಂಡು, “ನೀವು ಆವತ್ತು ಹೇಳದೆ ಇದ್ದಿದ್ರೆ...” ಎಂದು ಕಣ್ಣು ತುಂಬಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ನಿಂತಳು.

“ಮೊದಲನೇ ಸಲ ಬಂದಾಗಲೂ ಇದೇ ಇತ್ತಾ ಅಕ್ಕ?”

ಹಾರಿಕೆಯ ಉತ್ತರ ಕೊಡಬಹುದಿತ್ತು. ಅಕ್ಕನಿಗೆ ಅದೂ ತೋಚಲಿಲ್ಲ. “ಇತ್ತು.”

“ಕೂದಲು ಅಂದ್ರಿ.”

“ಅಂದೆ.”

“ಸ್ವಲ್ಪ ಮುಂಚೆ ಬಂದಿದ್ರೆ ಅಷ್ಟು ಕತ್ತರಿಸೋ ಹಾಗಿರಲಿಲ್ಲ ಅಂದ್ರು ಡಾಕ್ಟರು.”

ಸೊಸೆ ಹಿಡಿದಿದ್ದ ಕೈ ಬಿಟ್ಟಳು. ಒರಟಾಗಿ ಏನೂ ಬಿಡಲಿಲ್ಲ, ಬಿಟ್ಟಳು, ಅಷ್ಟೆ. ಆಮೇಲೆ ಆ ಮನೆಯಿಂದ ಫೋನು ಬರಲಿಲ್ಲ. ಮೇಲಿನ ಮನೆಯ ಸಿಂಕು ಬಿಡಿಸಲು ಹೋದಾಗ ಗೊತ್ತಾಯಿತು, ನೆಲಮಹಡಿಯವರು ಈಗ ಪೇಟೆ ಕಡೆಯ ಇನ್ನೊಬ್ಬನನ್ನು ಕರೆಸುತ್ತಾರಂತೆ.

ಅವಳು ಇಳಿದು ಬರುವಾಗ ಮುದುಕ ಅಂಗಳದಲ್ಲಿ ಬಿಸಿಲು ಕಾಯುತ್ತ ಕೂತಿದ್ದ. ಬೆಲ್ಟು ಇರಲಿಲ್ಲ, ಲಾಡಿ ಕಟ್ಟುವ ಪೈಜಾಮ. ಅಕ್ಕ ತಲೆ ಬಗ್ಗಿಸಿ ದಾಟುತ್ತಿದ್ದಳು.

“ಏಯ್,” ಎಂದ ಅವನು. ದನಿ ಹರಿದ ಕಾಗದದ ಹಾಗಿತ್ತು. “ಬೆಳಿಗ್ಗೆ ಅರ್ಧ ಬಟ್ಟಲು ಅನ್ನ ತಿಂದೆ.”

“ಹೂಂ.”

“ಉಪ್ಪು ಜಾಸ್ತಿ ಆಗಿತ್ತು. ಅವಳಿಗೆ ಹೇಳಿದೆ.”

“ಏನಂದ್ರು?”

“ಏನಂತಾಳೆ, ಮುಖ ಊದಿಸ್ಕೊಂಡು ಹೋದ್ಲು.” ಅವನಿಗೆ ಅದು ಇಷ್ಟವಾದಂತಿತ್ತು.

ಅಕ್ಕ ಸ್ಪ್ರಿಂಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೊರಟಳು.

ಮುಂದಿನ ಕೆಲಸ ಎರಡು ಬೀದಿಯಾಚೆ, ಲಾಂಡ್ರಿಯೊಂದರ ಹಿಂಭಾಗದಲ್ಲಿ. ಚೇಂಬರಿನ ಕಬ್ಬಿಣದ ಮುಚ್ಚಳ ಎತ್ತುವಾಗ ಅದು ಜಾರಿ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಅಕ್ಕ ಗಟ್ಟಿಯಾಗಿ ಒಂದು ಬೈಗುಳ ಬೈದಳು, ದರ್ಜಿಯ ಅಂಗಡಿಯಲ್ಲಿ ಗಂಡಸರು ಬೈಯುವಂಥದ್ದು. ಬಟ್ಟೆ ಹಿಂಡುತ್ತಿದ್ದ ಇಬ್ಬರು ಹೆಂಗಸರು ದಂಗಾಗಿ ತಿರುಗಿ ನೋಡಿದರು. ನೋವು ಬೆರಳಿನಿಂದ ಮೊಣಕೈ ತನಕ ಏರಿತು, ಜೋಮು ಹಿಡಿದ ತೋಳಿಗೆ ಜೀವ ಬಂದ ಹಾಗೆ. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುತ್ತಿರುವುದನ್ನು ಅವಳು ಕೂತು ನೋಡಿದಳು. ಒಬ್ಬಾಕೆ ತಣ್ಣೀರು ತಂದು ಸುರಿದಳು.

“ತುಂಬ ನೋಯ್ತಿದ್ಯಾ ಅಕ್ಕ?”

“ನೋಯ್ತಿದೆ,” ಎಂದಳು ಅಕ್ಕ. “ಸ್ವಲ್ಪ ತಾಳಿ, ಆಮೇಲೆ ಮುಚ್ಚಳ ಎತ್ತೋಣ.”