ತಡ ಬಂದವರ ಪಟ್ಟಿ

ಕುಂದಾಪುರದ ಹೊರಗಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಾನು ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಎಂಟಕ್ಕೆ ಸೈರನ್, ಎಂಟೂ ಒಂದಕ್ಕೆ ಬಂದರೂ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಂಪು ಗುರುತು. ಒಂದು ದಿನವೂ ಇದನ್ನು ತಪ್ಪಿಸಿದವನಲ್ಲ.

ಹೊಸ ಮನೆಗಳೆಲ್ಲ ತಾರಸಿಯಾಗತೊಡಗಿದ ಮೇಲೆ ನಮ್ಮ ಅಂಗಳದ ಹೆಂಚಿನ ರಾಶಿ ಕರಗಲಿಲ್ಲ. ಒಂದು ಸೋಮವಾರ ಧಣಿಗಳು ಕರೆದು, ಹನ್ನೆರಡು ಜನರನ್ನು ಕೆಲಸದಿಂದ ಬಿಡಿಸಬೇಕು, ಪಟ್ಟಿ ನೀವೇ ಮಾಡಿ ಎಂದರು. ನನಗೆ ಕಷ್ಟವೆನಿಸಲಿಲ್ಲ. ಕೆಂಪು ಗುರುತು ಹೆಚ್ಚಿದ್ದ ಹನ್ನೆರಡು ಹೆಸರು ಬರೆದು ಗೇಟಿನ ಬಳಿ ಅಂಟಿಸಿದೆ.

ಮೊದಲ ಹೆಸರು ಹೆಂಚು ತಟ್ಟುವ ಹೆಂಗಸಿನದು. ಸುಟ್ಟ ಹೆಂಚನ್ನು ಕೋಲಿನಿಂದ ತಟ್ಟಿ, ಸದ್ದು ಕೇಳಿಯೇ ಬಿರುಕು ಬಿಟ್ಟದ್ದನ್ನು ಬೇರೆ ಇಡುವವಳು. ಶಂಕರನಾರಾಯಣದ ಕಡೆಯಿಂದ ಮೊದಲ ಬಸ್ಸಿಗೇ ಬರುತ್ತಿದ್ದಳು. ಅದು ತಲುಪುವಾಗ ಎಂಟೂ ಹತ್ತು.

ಪಟ್ಟಿ ಓದಿ ನೇರ ನನ್ನ ಮೇಜಿಗೆ ಬಂದಳು. "ರೈಟ್ರೆ, ನಾ ಬಪ್ಪುದ್ ದಿನಾ ಬರ್ದಿರಿ. ಹೋಪುದ್ ಒಂದಿನ ಆದ್ರೂ ಬರ್ದಿರ್ಯಾ?"

ಹೋಗುವ ಹೊತ್ತು ಬರೆಯಲು ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಐದಕ್ಕೆ ಎಲ್ಲರೂ ಹೊರಟ ಮೇಲೂ ಅವಳು ಆರೂವರೆಯ ಬಸ್ಸಿನ ತನಕ ತಟ್ಟುತ್ತಲೇ ಇರುತ್ತಿದ್ದಳು. ಅದು ನನಗೆ ಗೊತ್ತಿತ್ತು. ಆ ಸದ್ದು ಕೇಳುತ್ತಲೇ ನಾನು ಕಪಾಟಿಗೆ ಬೀಗ ಹಾಕುತ್ತಿದ್ದೆ.

"ಹ್ವಾಯ್, ರೈಟ್ರ ಗಡಿಯಾರಕ್ಕೆ ಬೆಳಿಗ್ಗೆ ಮಾತ್ರ ಕೀ ಕೊಡುದ್ ಕಾಣಿ!" ಅವಳ ಹಿಂದೆ ಬಂದಿದ್ದವರಲ್ಲಿ ಒಬ್ಬ ಕೂಗಿದ. ಯಾರೂ ನಗಲಿಲ್ಲ.

ಧಣಿಗಳ ಬಳಿ ಹೋಗಿ, ಅವಳು ಸಂಜೆ ಉಳಿದು ದುಡಿಯುವುದನ್ನು ಹೇಳಿದೆ. ಅವರು ತಲೆ ಎತ್ತಲಿಲ್ಲ. "ಹನ್ನೆರಡ್ ಅಂದ್ರೆ ಹನ್ನೆರಡೇ. ಅವ್ಳನ್ನ್ ಉಳ್ಸುದಾರೆ ಇನ್ನೊಬ್ರ ಹೆಸ್ರ್ ಬರ್ದ್ ಕೊಡಿ."

ಲೆಕ್ಕದಂತೆ ಮುಂದಿನ ಹೆಸರು ಮಣ್ಣು ಕಲಸುವವನದು. ಅವನಿಗಿದ್ದದ್ದು ವರ್ಷಕ್ಕೆ ಮೂರೇ ಕೆಂಪು. ಕಿಟಕಿಯಾಚೆ, ನಮಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದ. ಪೆನ್ನು ಬಿಚ್ಚಿ ಹಿಡಿದು ನಿಂತೆ.

"ಎಂತ?" ಎಂದರು ಧಣಿಗಳು.

ಪೆನ್ನಿನ ಮುಚ್ಚಳ ಹಾಕಿದೆ. ಪಟ್ಟಿ ಹಾಗೆಯೇ ಉಳಿಯಿತು.

ಶನಿವಾರ ಅವಳ ಕೊನೆಯ ದಿನ. ಐದು ಕಳೆದರೂ ತಟ್ಟುತ್ತಿದ್ದಳು. ಆರೂ ಇಪ್ಪತ್ತಕ್ಕೆ ಎದ್ದಾಗ ನಾನು ಪುಸ್ತಕದ ಅಂಚಿನಲ್ಲಿ ಗೆರೆ ಎಳೆದು ಹೊತ್ತು ಬರೆದೆ. ಅವಳು ಮೇಜಿನ ಬಳಿ ಬಂದು ಬಗ್ಗಿ ನೋಡಿದಳು. ಕೋಲನ್ನು ಆ ಪುಟದ ಮೇಲೆಯೇ ಇಟ್ಟಳು.

"ಇನ್ನ್ ನೀವೇ ತಟ್ಟಿ ಕಾಣಿ, ರೈಟ್ರೆ."

ಬಸ್ಸು ಹೋದ ಮೇಲೆ, ಅವಳು ಸರಿಯೆಂದು ಇಟ್ಟದ್ದೊಂದು, ಬಿರುಕೆಂದು ಬೇರೆ ಇಟ್ಟದ್ದೊಂದು ತೆಗೆದು ತಟ್ಟಿದೆ. ನನ್ನ ಕಿವಿಗೆ ಎರಡೂ ಒಂದೇ ಸದ್ದು.